ಊರನ್ನೇ ಎಳೆದ ಗದಿಗೆಪ್ಪ

ಬಹಳ ಹಿಂದೆ, ಹೊಳೆ ಇನ್ನೂ ತನ್ನ ಹಳೆಯ ಹಾದಿಯಲ್ಲೇ ಹರಿಯುತ್ತಿದ್ದ ಕಾಲದಲ್ಲಿ, ಅದರ ದಂಡೆಗೆ ಹಂದರಗಲ್ಲು ಅಂತ ಒಂದು ಊರಿತ್ತು. ಈಗ ಅಲ್ಲಿ ಬರೀ ನೀರು. ದೋಣಿಯವರು ಅಲ್ಲಿಗೆ ಬಂದಾಗ ಒಂದು ಗಳಿಗೆ ಹುಟ್ಟು ನಿಲ್ಲಿಸಿ ಕೈ ಮುಗಿಯುತ್ತಾರೆ. ಅವರ ಕೆಳಗೆ ಓಣಿಗಳಿವೆ, ಬಾವಿಗಳಿವೆ, ಆರಿದ ಒಲೆಗಳಿವೆ. ದೇವರು ಕೊಟ್ಟ ನೆಲ, ದೇವರು ಕೊಟ್ಟ ನೀರು. ಯಾವುದು ಎಲ್ಲಿರಬೇಕು ಅನ್ನುವುದು ನಮಗೆ ತಿಳಿದದ್ದಲ್ಲ.

ಆ ಊರಲ್ಲಿ ಗದಿಗೆಪ್ಪ ಅಂತ ಒಬ್ಬನಿದ್ದ. ಆಳು ಎತ್ತರವಲ್ಲ, ಮೈಯಲ್ಲಿ ಕಸುವೂ ಅಷ್ಟಕ್ಕಷ್ಟೆ. ಎಲ್ಲರನ್ನೂ ಮಾಡಿ ಉಳಿದ ಮಣ್ಣಿನಲ್ಲಿ ದೇವರು ಇವನನ್ನು ಮಾಡಿದ ಅಂತ ಜನ ನಗೆಯಾಡುತ್ತಿದ್ದರಂತೆ. ಅವನ ಹತ್ತಿರ ಒಂದು ಹಳೆಯ ಪಿಕಪ್ಪು ಗಾಡಿ ಇತ್ತು. ಅದರ ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡು ಕಲ್ಲಿನ ಖಣಿಯಿಂದ ಕಲ್ಲು ಹೇರುವುದು ಅವನ ಕಸುಬು. ಗಾಡಿ ಹತ್ತುವ ಮೊದಲು ಮುಂದಿನ ಚಕ್ರ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ, "ನಡಿ ನಮ್ಮವ್ವ" ಅನ್ನುತ್ತಿದ್ದ. ಅದು ಊರದೇವಿ ದ್ಯಾಮವ್ವನಿಗೆ ಹೇಳಿದ್ದೋ ಗಾಡಿಗೆ ಹೇಳಿದ್ದೋ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಒಂದು ದಿನ ಸರಕಾರದ ಮಂದಿ ಬಂದರು. ಹೊಳೆಗೆ ಕೆಳಗಡೆ ಆಣೆಕಟ್ಟು ಎದ್ದಿದೆ, ನೀರು ಇಲ್ಲಿಯ ತನಕ ಬರುತ್ತದೆ ಅಂತ ಕೆಂಪು ಬಣ್ಣದ ಗೆರೆ ಎಳೆದರು. ಗೆರೆ ಎಳೆಯಲು ಮನೆಯ ಗೋಡೆ ಸಾಲಲಿಲ್ಲವಂತೆ, ಗುಡಿಯ ಗೋಡೆಯೂ ಸಾಲಲಿಲ್ಲವಂತೆ, ಕಡೆಗೆ ಬೇವಿನ ಮರ ಹತ್ತಿ ಅದರ ತುದಿಗೆ ಎಳೆದರಂತೆ. ಹಾಗಂತಾರೆ. ಎಮ್ಮಿಬೆನ್ನು ಅನ್ನುವ ಗುಡ್ಡ ಹತ್ತಿ ಇಳಿದರೆ ಆಚೆ ಕಡೆ ಹೊಸ ಜಾಗ ತೋರಿಸಿದ್ದರು. ಮಳೆಗಾಲ ಕೂಡುವುದರೊಳಗೆ ಊರು ಅಲ್ಲಿಗೆ ಹೋಗಬೇಕು.

ಊರು ಹೋಗುವುದೆಂದರೆ ಏನು? ಜನ ನಡೆದು ಹೋಗುತ್ತಾರೆ, ದನ ಹೊಡೆದುಕೊಂಡು ಹೋಗಬಹುದು. ಆದರೆ ಬಾಗಿಲು ಚೌಕಟ್ಟು, ತೊಲೆ, ಜಂತಿ, ಬೀಸುವ ಕಲ್ಲು, ಒರಳು, ಕಾಳಿನ ಚೀಲ, ಅಜ್ಜ ಮುತ್ತಜ್ಜರು ಕೂತ ಕಟ್ಟೆಯ ಕಲ್ಲು? ಎತ್ತಿನ ಬಂಡಿಗೆ ಆ ಗುಡ್ಡ ಹತ್ತಿ ಇಳಿಯಲು ಒಂದು ದಿನ, ಬರಲು ಒಂದು ದಿನ. ಮನೆಗಳು ನೂರರ ಮೇಲೆ. ಹಿರಿಯರು ಲೆಕ್ಕ ಹಾಕಿ ಹಾಕಿ ಸೋತರು. ಆಮೇಲೆ ಎಲ್ಲರೂ ಗದಿಗೆಪ್ಪನ ಮುಖ ನೋಡಿದರು.

ಗದಿಗೆಪ್ಪ ಖಣಿಗೆ ಹೋದ. ಅಲ್ಲಿ ಮೂಲೆಗೆ ಬಿದ್ದಿದ್ದ ಇನ್ನೊಂದು ಟ್ರೇಲರ್ ಕೇಳಿ ತಂದ. ತನ್ನ ಟ್ರೇಲರಿನ ಹಿಂದೆ ಒಂದು ಕೊಂಡಿ ಬೆಸುಗೆ ಹಾಕಿಸಿ, ಅದಕ್ಕೆ ಇದನ್ನು ಸಿಕ್ಕಿಸಿ, ಹೆಬ್ಬೆರಳು ಗಾತ್ರದ ಪಿನ್ನು ಇಳಿಸಿದ. ಪಿಕಪ್ಪು, ಅದರ ಹಿಂದೊಂದು ಟ್ರೇಲರ್, ಅದರ ಹಿಂದೆ ಮತ್ತೊಂದು. ಆ ಸೀಮೆಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಊರೆಲ್ಲ ನೋಡಲು ಬಂತು.

"ಎಲೋ ಗದಿಗೆಪ್ಪಾ, ಎಮ್ಮಿ ಬಾಲಕ್ಕ ಎಮ್ಮಿ ಕಟ್ಟಿ ಗುಡ್ಡಾ ದಾಟಸ್ತೀಯೇನೋ?" ಅಂದಳಂತೆ ಗಂಗವ್ವಾಯಿ. ಅವಳು ಊರಿಗೆಲ್ಲ ಹಿರಿಯಳು, ಮೈಯಲ್ಲೂ ಹಿರಿಯಳು.

"ಹಿಂದಿನ ಎಮ್ಮಿ ಮ್ಯಾಲ ನೀ ಕುಂದರಬ್ಯಾಡ ಆಯಿ, ಅಷ್ಟಾದ್ರ ದಾಟತೈತಿ" ಅಂದನಂತೆ ಗದಿಗೆಪ್ಪ.

ನಗೆಯ ಮಾತಾದರೂ ಅದರಲ್ಲಿ ಅವನ ಕಸುಬಿನ ಗುಟ್ಟಿತ್ತು. ಭಾರವೆಲ್ಲ ಮುಂದಿನ ಟ್ರೇಲರಿಗೆ, ಹಗುರವೆಲ್ಲ ಹಿಂದಿನದಕ್ಕೆ. ಕಲ್ಲು, ತೊಲೆ, ಕಾಳು ಮುಂದೆ. ಕೌದಿ, ಬುಟ್ಟಿ, ಮೇವು, ಕೋಳಿ ಗೂಡು ಹಿಂದೆ. ಟ್ರೇಲರಿಗೆ ತನ್ನದೇ ಬ್ರೇಕು ಇರುವುದಿಲ್ಲ. ಇಳಿಜಾರಿನಲ್ಲಿ ಹಿಂದಿನದು ಭಾರವಾದರೆ ಮುಂದಿನದನ್ನು ದೂಡುತ್ತದೆ. ಮುಂದಿನದು ಹಗುರಾದರೆ ತಡೆದುಕೊಳ್ಳಲಾರದೆ ಅಡ್ಡ ತಿರುಗುತ್ತದೆ. ಆಮೇಲೆ ಬ್ರೇಕು ತುಳಿದಷ್ಟೂ ಕೇಡು. ಇದನ್ನು ಅವನು ಮೊದಲ ದಿನವೇ ಖಾಲಿ ದಾರಿಯಲ್ಲಿ ಪರೀಕ್ಷೆ ಮಾಡಿ, ಎದೆ ಒಡೆದುಕೊಂಡು ಕಲಿತಿದ್ದ. ಅಂದಿನಿಂದ ಪ್ರತಿ ಹೇರಿಗೂ ತಾನೇ ನಿಂತು ಹೇಳುತ್ತಿದ್ದ: ಭಾರ ಮುಂದ, ಹಗುರ ಹಿಂದ.

ಹೇರು ಶುರುವಾಯಿತು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಕೆಲವರು ನೂರು ಹೇರು ಅಂತಾರೆ, ಕೆಲವರು ಸಾವಿರ ಅಂತಾರೆ. ಪಿಕಪ್ಪಿನ ಮೂತಿ ತಣ್ಣಗಾಗುತ್ತಲೇ ಇರಲಿಲ್ಲ, ಹೆಂಗಸರು ಅದರ ಮೇಲೆ ರೊಟ್ಟಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು ಅಂತಾರೆ. ಗುಡ್ಡದ ನೆತ್ತಿಯಲ್ಲಿ ಇಂಜಿನ್ನಿಗೆ ನೀರು ಹಾಕುವಷ್ಟು ಹೊತ್ತು ಮಾತ್ರ ಅವನ ನಿದ್ದೆ ಅಂತಾರೆ. ಬೋಗುಣಿಯ ನೀರು ಮುಗಿಯುವುದಕ್ಕೂ ಅವನು ಕಣ್ಣು ಬಿಡುವುದಕ್ಕೂ ಸರಿಯಾಗುತ್ತಿತ್ತಂತೆ. ತಿಂಗಳು ಕಳೆಯಿತು, ಎರಡು ಕಳೆಯಿತು. ಗದಿಗೆಪ್ಪನ ಕೈ ಸ್ಟೇರಿಂಗು ಬಿಟ್ಟರೂ ಹಿಡಿದ ಹಾಗೇ ಬಾಗಿರುತ್ತಿತ್ತು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಹೆಂಡತಿ ಫಕೀರವ್ವ ಆ ಕೈಯನ್ನು ಹಿಡಿದು ಬಾಯಿಗೆ ಮುಟ್ಟಿಸುತ್ತಿದ್ದಳು.

ಅವನ ಸ್ವಂತ ಮನೆ ಹಾಗೇ ನಿಂತಿತ್ತು. ಫಕೀರವ್ವ ಕೇಳಿದಾಗೆಲ್ಲ ನಾಳೆ ಅನ್ನುತ್ತಿದ್ದ. ಇವತ್ತು ಬಾಣಂತಿ ಇರುವ ಮನೆ, ಇವತ್ತು ಕುರುಡರ ಮನೆ, ನಮ್ಮದು ನಾಳೆ. ಹೀಗೆ ನಾಳೆ ನಾಳೆ ಅನ್ನುತ್ತಾ ಊರೆಲ್ಲ ಹೋಯಿತು. ಉಳಿದದ್ದು ಎರಡೇ: ಗದಿಗೆಪ್ಪನ ಮನೆ, ದ್ಯಾಮವ್ವನ ಗುಡಿ.

ಆಗ ನೀರು ಹೇಳಿದ ದಿನಕ್ಕಿಂತ ಮೊದಲೇ ಬಂತು. ಮೇಲೆಲ್ಲೋ ಮಳೆಯಾಗಿತ್ತು. ಬೆಳಗ್ಗೆ ಎದ್ದು ನೋಡಿದರೆ ಕೆಳಗಿನ ಓಣಿಯಲ್ಲಿ ನೀರು, ಸದ್ದಿಲ್ಲದೆ, ಪಾದದ ಮಟ್ಟಕ್ಕೆ. ಒಂದೇ ಹೇರಿಗೆ ಹೊತ್ತಿತ್ತು. ಆಮೇಲೆ ದಾರಿಯೇ ಇರುವುದಿಲ್ಲ.

ಗದಿಗೆಪ್ಪ ತನ್ನ ಮನೆಯ ಬಾಗಿಲನ್ನೊಮ್ಮೆ ನೋಡಿದ. ಅದು ಅವನ ಅಪ್ಪ ತಂದ ಬಾಗಿಲು. ಫಕೀರವ್ವ ರೊಟ್ಟಿಯ ಗಂಟು ಕಟ್ಟಿ, ತಲೆಯ ಮೇಲೆ ಕೊಡ ಇಟ್ಟುಕೊಂಡು ಆಗಲೇ ಹೊರಗೆ ನಿಂತಿದ್ದಳು. "ಬಿಡ್ರಿ. ಅಲ್ಲೆ ಒಂದು ತಟ್ಟಿ ಕಟಗೊಂಡ್ರ ಬಾಗಲಾ ಆಗತೈತಿ. ಮೊದಲ ಅವ್ವನ್ನ ಕರಕೊಂಡು ಬರ್ರಿ" ಅಂದವಳೇ, ಹೊಸ ಊರಲ್ಲಿ ಆರತಿ ಸಿದ್ಧ ಮಾಡುವ ಹೆಂಗಸರನ್ನು ಕೂಡಿಕೊಳ್ಳಲು ಗುಡ್ಡದ ಕಡೆ ನಡೆದಳು.

ದ್ಯಾಮವ್ವ ಕಟ್ಟಿಗೆಯ ಮೂರ್ತಿ. ಎಷ್ಟು ಹಳೆಯದೆಂದರೆ ಮೈಯೆಲ್ಲ ಒಣಗಿ ಹಗುರಾಗಿತ್ತು, ಇಬ್ಬರು ಎತ್ತಿದರೆ ಬರುತ್ತಿತ್ತು. ಅವಳು ಕೂತಿದ್ದ ಕಟ್ಟೆಯದು ಮಾತ್ರ ಆರು ಕಲ್ಲು, ಒಂದೊಂದಕ್ಕೂ ಎಂಟೆಂಟು ಗಂಡಸರು ಬೇಕು. ಅದಕ್ಕೇ ಊರ ಗಂಡಸರು ಅಲ್ಲೇ ಉಳಿದಿದ್ದರು. ಅವಳ ಪೂಜಾರಿ ಮೌನಪ್ಪ ಬಡಿಗೇರ. ಆ ಊರಿನ ಕಟ್ಟಳೆ ಒಂದಿತ್ತು: ಅವ್ವ ಹೊರಟರೆ ಅವಳ ಮುಂದೆ ಯಾರೂ ಹೋಗುವಂತಿಲ್ಲ, ಏನೂ ಹೋಗುವಂತಿಲ್ಲ. ಅದರಂತೆ, ಎಳೆಯುವ ಗಾಡಿಯೊಂದನ್ನು ಬಿಟ್ಟು ಮತ್ತೇನೂ ಮುಂದಿರದ ಹಾಗೆ, ಅವ್ವನನ್ನು ಮುಂದಿನ ಟ್ರೇಲರಿನಲ್ಲಿ ಒಬ್ಬಳನ್ನೇ ಕೂರಿಸಿದರು, ಮಗ್ಗುಲಿಗೆ ಮೌನಪ್ಪ ನಿಂತ. ಆರು ಕಲ್ಲನ್ನೂ ಹಿಂದಿನ ಟ್ರೇಲರಿಗೆ ಹೇರಿದರು.

ಗದಿಗೆಪ್ಪ ನೋಡುತ್ತಾ ನಿಂತಿದ್ದ. ಅವನಿಗೆ ಗೊತ್ತಿತ್ತು. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ದೇವರ ಕಟ್ಟಳೆಗೆ ಎದುರು ಹೇಗೆ ಹೇಳುವುದು ಅನ್ನುವ ಅಂಜಿಕೆ ಒಂದು ಪಾಲು. ಮಾತು ಆಡುವಷ್ಟೂ ಉಸಿರು ಉಳಿದಿರಲಿಲ್ಲ, ಅದು ಮೂರು ಪಾಲು. ದಣಿದವನಿಗೆ ಹೂಂ ಅನ್ನುವುದು ಸುಲಭ. ಚಕ್ರ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೊರಟ. ನೀರು ಚಕ್ರದ ನಡುವಿಗೆ ಬಂದಿತ್ತು. ಆ ಗಂಡಸರೆಲ್ಲ ಕಟ್ಟಳೆಯಂತೆ ಹಿಂದೆ ಹಿಂದೆ ನಡೆದರು.

ಹತ್ತುವ ತನಕ ಎಲ್ಲಾ ಸರಿ. ನೆತ್ತಿ ದಾಟಿ ಇಳಿಯತೊಡಗಿದಾಗ ಗದಿಗೆಪ್ಪನ ಬೆನ್ನಿಗೆ ಒಂದು ಗುದ್ದು ಬಿತ್ತು. ಮತ್ತೊಂದು. ಹಿಂದಿನ ಟ್ರೇಲರ್ ದೂಡತೊಡಗಿತ್ತು. ಕನ್ನಡಿಯಲ್ಲಿ ನೋಡಿದರೆ ಅವ್ವ ಎಡಕ್ಕೆ ವಾಲುತ್ತಾಳೆ, ಬಲಕ್ಕೆ ವಾಲುತ್ತಾಳೆ, ಮೌನಪ್ಪ ಅವಳನ್ನು ತೆಕ್ಕೆಯಲ್ಲಿ ಹಿಡಿದು ಕೂತುಬಿಟ್ಟಿದ್ದಾನೆ. ಮುಂದೆ ನೋಡಿದರೆ ಇಳಿಜಾರಿನ ಬುಡದಲ್ಲಿ, ದಾರಿಯ ತುಂಬ, ಹೊಸ ಊರಿನ ಹೆಂಗಸರು. ಕೈಯಲ್ಲಿ ಆರತಿ, ತಲೆಯ ಮೇಲೆ ಕೊಡ. ಅವರಲ್ಲಿ ಫಕೀರವ್ವ. ಹಿಂದೆ ಹಲಗೆಯವರು. ಕೈ ಬೀಸಿದ, ಕೂಗಿದ. ಅವ್ವ ಬಂದಳು ಅಂತ ತಿಳಿದು ಅವರು ಹಲಗೆ ಬಾರಿಸಲು ಶುರುಮಾಡಿದರು.

ಬ್ರೇಕು ತುಳಿಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಗದಿಗೆಪ್ಪ ಗಾಡಿಯನ್ನು ಗುಡ್ಡದ ಮಗ್ಗುಲಿಗೆ ತಿರುಗಿಸಿ ಮಣ್ಣಿನ ಒಡ್ಡಿಗೆ ಹತ್ತಿಸಿದ. ಮೂತಿ ಮಣ್ಣಿನಲ್ಲಿ ಹೂತು ಗಾಡಿ ನಿಂತಿತು. ಮುಂದಿನ ಟ್ರೇಲರ್ ಅರ್ಧ ಅಡ್ಡ ತಿರುಗಿತ್ತು. ಹಿಂದಿನದರ ಒಂದು ಚಕ್ರ ದಾರಿಯಂಚಿನ ಆಚೆ, ಗಾಳಿಯಲ್ಲಿ, ಮೆಲ್ಲಗೆ ತಿರುಗುತ್ತಿತ್ತು. ಸ್ಟೇರಿಂಗು ತಿರುಗಿಸಿದ್ದು ಅವ್ವನೇ ಅಂತಾರೆ. ಇರಬೇಕು. ಆ ಕೈಗಳಲ್ಲಿ ಆ ಹೊತ್ತಿಗೆ ಅಷ್ಟು ಬಲ ಎಲ್ಲಿತ್ತು?

ಗದಿಗೆಪ್ಪ ಇಳಿದು ಹಿಂದಕ್ಕೆ ಬಂದ. ಕಲ್ಲು ಮುಂದಿನ ಟ್ರೇಲರಿಗೆ ಹಾಕಿರಿ, ಅವ್ವನನ್ನು ಹಿಂದಿನದಕ್ಕೆ ಕೂರಿಸಿರಿ, ಇಲ್ಲವಾದರೆ ಗಾಡಿ ಇಳಿಸುವುದಿಲ್ಲ ಅಂದ.

"ತಲಿ ಕೆಟ್ಟೈತೇನಲೇ ನಿಂದು?" ಮೌನಪ್ಪ ಟ್ರೇಲರಿನ ಮೇಲಿಂದಲೇ ಕೂಗಿದ. "ಅವ್ವನ್ನ ಬಾಲಕ್ಕ ಕಟ್ಟತೀ? ಕಲ್ಲಿನ ಹಿಂದ ಬರಬೇಕಾ ಅಕಿ?"

ಗದಿಗೆಪ್ಪ ಟ್ರೇಲರಿಗೆ ಆನಿಕೊಂಡು ನಿಂತ. ನಿಲ್ಲಲು ಅವನಿಗೆ ಏನಾದರೂ ಬೇಕಾಗಿತ್ತು. "ಮೌನಪ್ಪಜ್ಜಾ," ಅಂದ, "ನಿಮ್ಮ ಮನಿ ಖಾಲಿ ಮಾಡಿದ ದಿನ ಕಡೀಗೆ ಹೊರಗ ಬಂದೋರು ಯಾರು?"

"ನನ್ನ ಹೇಣ್ತಿ. ಅದಕ್ಕೇನೀಗ?"

"ಯಾಕ ಕಡೀಗೆ ಬಂದ್ರು?"

"ಏನರ ಉಳದೈತೇನಂತ ನೋಡಾಕ..." ಅಂದ ಮೌನಪ್ಪ.

"ಈ ಊರಿನ ಎಲ್ಲಾ ಮನೀನೂ ನಾ ಹೇರೇನಿ, ಅಜ್ಜಾ. ಒಂದು ಮನ್ಯಾಗರ ತಾಯಿ ಮುಂದ ಬಂದದ್ದು ನೋಡಲಿಲ್ಲ. ಮಕ್ಕಳನ್ನ ದಾಟಿಸಿ, ಮೂಲಿ ಮೂಲಿ ನೋಡಿ, ಕಡೀಗೆ ಬರ್ತಾಳ. ಈಕಿ ಊರಿಗೆಲ್ಲ ತಾಯಿ. ಅಕೀನ ಮುಂದ ಓಡಸೂದು ನಮಗ ಚಂದಲ್ಲ."

ಕೆಳಗೆ ಹಲಗೆ ಬಾರಿಸುತ್ತಲೇ ಇದ್ದರು. ಮೌನಪ್ಪ ಅವ್ವನ ಪಾದಕ್ಕೆ ಹಣೆ ಹಚ್ಚಿದ. ಆಮೇಲೆ ಎದ್ದು, ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಬಿಗಿದು, ಮೊದಲ ಕಲ್ಲಿಗೆ ತಾನೇ ಕೈ ಹಾಕಿದ.

ಆರು ಕಲ್ಲನ್ನೂ ಇಳಿಸಿದರು. ಹಗುರಾದ ಟ್ರೇಲರನ್ನು ದೂಡಿ ದಾರಿಗೆ ತಂದರು, ಗಾಡಿಯ ಮೂತಿಯನ್ನು ಮಣ್ಣಿನಿಂದ ಬಿಡಿಸಿದರು. ಕಲ್ಲುಗಳನ್ನು ಮುಂದಿನದಕ್ಕೆ ಹೇರಿದರು, ಅವ್ವನನ್ನು ಹಿಂದಿನದರಲ್ಲಿ ಕೌದಿ ಹಾಸಿ ಕೂರಿಸಿದರು. ಗದಿಗೆಪ್ಪ ಕಡೆಯ ಕೊಂಡಿಯ ಪಿನ್ನು ಮುಟ್ಟಿ ನೋಡಿದ, ಹತ್ತಿ ಕೂತ. ಈ ಸಲ ಬೆನ್ನಿಗೆ ಗುದ್ದು ಬೀಳಲಿಲ್ಲ. ಹಿಂದಿನಿಂದ ಯಾರೋ ಅಂಗಿಯ ಚುಂಗು ಹಿಡಿದು, ನಿಧಾನ, ನಿಧಾನ, ಅಂದ ಹಾಗಿತ್ತು ಅಂತ ಅವನೇ ಹೇಳಿದನಂತೆ.

ಬುಡದಲ್ಲಿ ಹೆಂಗಸರು ಆರತಿ ಹಿಡಿದು ಕಾದಿದ್ದರು. ಮೊದಲು ಗಾಡಿ ಬಂತು, ಆಮೇಲೆ ಬರೀ ಕಲ್ಲು ಬಂತು. ಅವರಿಗೆ ತಿಳಿಯಲಿಲ್ಲ, ದಾರಿ ಬಿಟ್ಟು ಮಗ್ಗುಲಿಗೆ ಸರಿದು ನಿಂತರು. ಎಲ್ಲದರ ಹಿಂದೆ, ಊರ ಕಡೆಗೊಮ್ಮೆ ನೋಡಿ ಬಂದವಳ ಹಾಗೆ, ದ್ಯಾಮವ್ವ ಬಂದಳು. ಹಲಗೆಯವರು ಕೈ ಎತ್ತಿ ಬಾರಿಸಿದರು.

ಫಕೀರವ್ವ ಮಾತ್ರ ಅವ್ವನ ಕಡೆ ಹೋಗಲಿಲ್ಲ. ಗಾಡಿಯ ಮುಂಭಾಗಕ್ಕೆ ಬಂದಳು. ಇಂಜಿನ್ನು ನಿಂತಿತ್ತು. ಗದಿಗೆಪ್ಪ ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದ. ಅವಳು ಬಗ್ಗಿ ನೋಡಿದಳು, ತಿರುಗಿ ಹಲಗೆಯವರಿಗೆ ಕೈ ಮಾಡಿದಳು. "ನಿಂದರಸ್ರಪಾ. ಅವರು ಮಲಗ್ಯಾರ."

ಅವನು ಮೂರು ದಿನ ಮಲಗಿ ಎದ್ದ ಅಂತಾರೆ ಕೆಲವರು. ಏಳಲೇ ಇಲ್ಲ ಅಂತಾರೆ ಕೆಲವರು. ಎದ್ದು, ತನ್ನ ಮನೆಗೆ ತಟ್ಟಿಯ ಬಾಗಿಲು ಕಟ್ಟಿ, ನೂರು ವರ್ಷ ಬದುಕಿದ ಅನ್ನುವವರೂ ಇದ್ದಾರೆ. ಯಾವುದು ನಿಜವೋ ಅವ್ವನಿಗೆ ಗೊತ್ತು.

ಹೊಸ ಹಂದರಗಲ್ಲಿನಲ್ಲಿ ಇವತ್ತಿಗೂ ದ್ಯಾಮವ್ವ ಹೊರಟರೆ ಮುಂದೆ ಮಕ್ಕಳು, ಆಮೇಲೆ ಮುದುಕರು, ಆಮೇಲೆ ದನ ಕರು, ಎಲ್ಲರಿಗಿಂತ ಕಡೆಗೆ ಅವ್ವ. ಎಮ್ಮಿಬೆನ್ನು ಇಳಿಯುವ ಗಾಡಿಯವರು ನೆತ್ತಿಯಲ್ಲಿ ನಿಲ್ಲಿಸಿ, ಇಳಿದು, ಕಡೆಯ ಕೊಂಡಿ ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಇನ್ನು ಊರು ದಾಟಿ ಬಂದ ಆ ದಿನ ಬಂತೆಂದರೆ, ಹೊತ್ತು ನೆತ್ತಿಗೆ ಬರುವ ತನಕ ಅಲ್ಲಿ ಹಲಗೆ ಬಾರಿಸುವುದಿಲ್ಲ, ಒರಳಿಗೆ ಒನಕೆ ಹಾಕುವುದಿಲ್ಲ, ಯಾವ ಗಾಡಿಯೂ ಹಾರ್ನು ಹೊಡೆಯುವುದಿಲ್ಲ. ಪರ ಊರಿನವರು ಬಂದು ಯಾಕೆ ಹೀಗೆ ಊರೆಲ್ಲ ಸುಮ್ಮನಿದೆ ಅಂತ ಕೇಳಿದರೆ, ಕಟ್ಟೆಯ ಮೇಲೆ ಕೂತವರು ತುಟಿಗೆ ಬೆರಳಿಟ್ಟು ಹೇಳುತ್ತಾರೆ:

"ಮೆಲ್ಲಕ ಮಾತಾಡ್ರಿ. ಗದಿಗೆಪ್ಪ ಮಲಗ್ಯಾನ."