ಬೊಗಸೆಕೆರೆ

ಹಸರಗಲ್ಲಿನ ಬೆಟ್ಟದ ಬುಡದಲ್ಲಿರುವ ಬೊಗಸೆಕೆರೆಯನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಈ ದಡದಲ್ಲಿ ನಿಂತರೆ ಆ ದಡದ ಎಮ್ಮೆಗಳು ಇರುವೆಗಳಂತೆ ಕಾಣುವಷ್ಟು ದೊಡ್ಡ ಕೆರೆಗೆ ಬೊಗಸೆ ಎಂದು ಹೆಸರಿಟ್ಟವರು ಯಾರಪ್ಪ ಎಂದು ಕೇಳುತ್ತಾರೆ. ಶಾಸನ ಹುಡುಕಿಕೊಂಡು ಪಂಡಿತರೂ ಬಂದುಹೋಗಿದ್ದಾರೆ. ಶಾಸನವಿಲ್ಲ, ಹಿರಿಯರ ಬಾಯಿ ಇದೆ, ನಮಗೆ ಅಷ್ಟು ಸಾಕು.

ಹಿಂದೆ ಒಮ್ಮೆ ಹಸರಗಲ್ಲು ಹನ್ನೆರಡು ಹಳ್ಳಿಗಳ ಪುಟ್ಟ ರಾಜ್ಯವಾಗಿತ್ತು ಎನ್ನುತ್ತಾರೆ. ಆಳುತ್ತಿದ್ದ ಸರ್ಜಪ್ಪನಾಯಕ ಕೆಟ್ಟವನಲ್ಲ, ಆದರೆ ಡೌಲಿನವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು. ಬೊಕ್ಕಸ ಬರಿದಾದಾಗ ಬೆಳ್ಳಿಗೆ ಸೀಸ ಬೆರೆಸಿ ನಾಣ್ಯ ಹೊಡೆಸಿದ. ಇಂಥ ಗುಟ್ಟು ಸಂತೆಗೆ ತಿಳಿಯಲು ಎಷ್ಟು ಹೊತ್ತು? ವರ್ತಕರು ಅಂಗಡಿ ಮುಚ್ಚಿದರು. ನೆರೆನಾಡಿನಿಂದ ಕಾಳು ತರುತ್ತಿದ್ದ ಎತ್ತುಗಳು ಗಡಿಯಿಂದಲೇ ಹಿಂದಿರುಗಿದವು. ಸಾಲದ್ದಕ್ಕೆ ಮಳೆಯೂ ಮುನಿಯಿತು. ಮೂರು ವರ್ಷ ಎರೆಭೂಮಿ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಕೆರೆಯಲ್ಲಿ ಹೂಳು ಬಿಟ್ಟರೆ ಬೇರೇನೂ ಇರಲಿಲ್ಲ. ನಾಡಿನಲ್ಲಿ ಉಳಿದಿದ್ದ ಕಾಳೆಂದರೆ ಏರಿಯ ಮೇಲಿನ ಕಣಜದಲ್ಲಿದ್ದ ಬಿತ್ತನೆಯ ಜೋಳವೊಂದೇ. ಅದನ್ನು ಕಾಯುತ್ತಿದ್ದವಳು ಗಂಗಮಾಳವ್ವನೆಂಬ ವಿಧವೆ. ಬೂದಿ, ಬೇವಿನೆಲೆ ಬೆರೆಸಿಟ್ಟ ಆ ಬೀಜಕ್ಕೆ ಪ್ರಾಣ ಹೋದರೂ ಕೈ ಹಾಕೆನೆಂದು ಸಾಯುವ ಗಂಡನಿಗೆ ಮಾತು ಕೊಟ್ಟಿದ್ದಳು.

ನಾಲ್ಕನೆಯ ಬೇಸಿಗೆ ಹತ್ತಿರವಾದಾಗ ಜನ ಗಂಟುಮೂಟೆ ಕಟ್ಟತೊಡಗಿದರು. ಆಗ ನಾಯಕ ತಾನೇ ಕಣಜದ ಬಾಗಿಲಿಗೆ ಬಂದ.

"ಕೆರೀ ಹೂಳು ತೆಗಸದಿದ್ರ ಮಳಿ ಬಂದ್ರೂ ನೀರು ನಿಲ್ಲೂದಿಲ್ಲ, ಗಂಗಮಾಳವ್ವ. ಒಬ್ಬ ಆಳೂ ಬರವಲ್ಲ. ನನ್ನ ರೊಕ್ಕಾ ಕಂಡ್ರ ನಗ್ತಾರ. ಈ ಬೀಜಾನ ಕೂಲಿ ಕೊಡೂಣೇನು?"

ಕೊಟ್ಟರೆ ಬಿತ್ತಲು ಕಾಳಿಲ್ಲ. ಕೊಡದಿದ್ದರೆ ಬಿತ್ತಲು ಜನರಿಲ್ಲ. ಕಡೆಗೆ ಗಂಗಮಾಳವ್ವ ಹೇಳಿದಳು: "ಮಂದೀನ ಹ್ವಾದ ಮ್ಯಾಲೆ ಬೀಜ ಇಟ್ಕೊಂಡು ಏನು ಮಾಡ್ಲಿ, ದಣಿ? ಕೊಡ್ತೀನಿ. ಆದ್ರ ನಿಮ್ಮ ಸೇರು ಬ್ಯಾಡ. ರೊಕ್ಕಾ ಕೆಡಿಸಿದವರು ಸೇರು ಬಿಟ್ಟಾರೇನು ಅಂತಾರ ಮಂದಿ. ನನ್ನ ಬೊಗಸೀಲೆ ಅಳೀತೀನಿ."

ನಾಯಕನ ಮುಖ ಸಣ್ಣದಾಯಿತು. ಆದರೂ ತಲೆಯಾಡಿಸಿದ.

ಮರುದಿನದಿಂದ ಕೆಲಸ ಶುರುವಾಯಿತು. ಗಟ್ಟಿಗನಿಗೂ ಒಂದು ಬೊಗಸೆ, ಮುದುಕಿಗೂ ಒಂದು ಬೊಗಸೆ. ವಾರದೊಳಗೆ ನಾಯಕನೂ ಪೇಟ ಬಿಚ್ಚಿಟ್ಟು ಬುಟ್ಟಿ ಹೊತ್ತನಂತೆ. ಸಂಜೆ ಸಾಲಿನಲ್ಲಿ ನಿಂತು ಸೆರಗೊಡ್ಡಿದವರ ನಡುವೆ ಅಂಗವಸ್ತ್ರ ಒಡ್ಡಿದಾಗ ಅವನಿಗೂ ಅದೇ ಬೊಗಸೆ. ಊರು ಬಿಟ್ಟವರೂ ಸುದ್ದಿ ಕೇಳಿ ತಿರುಗಿ ಬಂದರು. ಕೆರೆ ಆಳವಾದಷ್ಟೂ ಕಣಜ ಇಳಿಯುತ್ತಿತ್ತು. ಗಂಗಮಾಳವ್ವ ಒಳಗೊಳಗೇ ಸಾಯುತ್ತಿದ್ದಳು. ಕಡೆಯ ಬುಟ್ಟಿ ಹೂಳು ಏರಿಗೆ ಬಿದ್ದ ದಿನ ಕಣಜದ ನೆಲ ಕಂಡಿತು.

ಅದಾದ ಒಂಬತ್ತನೆಯ ದಿನ ರೋಹಿಣಿ ಮಳೆ ಹೊಡೆಯಿತು. ಹೇಗೆ ಹೊಡೆಯಿತೆಂದರೆ, ಒಂದೇ ರಾತ್ರಿಯಲ್ಲಿ ಅರ್ಧ ಕೆರೆ! ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬುದು ಗಾದೆ. ಬಿತ್ತಲು ಒಂದು ಕಾಳಾದರೂ ಬೇಕಲ್ಲ! ನಾಡೆಲ್ಲ ಕುಣಿಯುತ್ತಿದ್ದರೆ ಗಂಗಮಾಳವ್ವ ಬರಿದಾದ ಕಣಜದ ಹೊಸ್ತಿಲಲ್ಲಿ ಕೂತು, ಗಂಡನಿಗೆ ಕೊಟ್ಟ ಮಾತು ಮುರಿದೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಅಷ್ಟರಲ್ಲಿ ಏರಿಯ ಮೇಲೆ ಒಬ್ಬ ಹೆಂಗಸು ಬಂದಳು, ಅವಳ ಹಿಂದೆ ಇನ್ನೊಬ್ಬಳು. ನೋಡುನೋಡುತ್ತ ಏರಿಯುದ್ದಕ್ಕೂ ಸಾಲು. ಒಬ್ಬಳ ಕೈಯಲ್ಲಿ ಸೋರೆಬುರುಡೆ, ಒಬ್ಬಳ ಸೆರಗಿನಲ್ಲಿ ಗಂಟು.

"ಕಾಳಿಗೆ ಬೂದಿ ಹತ್ತಿತ್ತಲ್ಲಬೇ ಯವ್ವಾ, ಬೀಜ ಅಂತ ತಿಳೀದನ?" ಎಂದಳು ಮೊದಲನೆಯವಳು. "ಬೀಜದ ಕಾಳು ಬೀಸೂ ಮುಂದ ಒಂದು ಹಿಡಿ ತೆಗೆದಿಡದ ಬೀಸ್ತಾರೇನು ಯಾರರ?"

ಯಾರೂ ಯಾರಿಗೂ ಹೇಳಿರಲಿಲ್ಲ. ತಾನೊಬ್ಬಳೇ ಎಂದುಕೊಂಡು ಪ್ರತಿಯೊಬ್ಬಳೂ ಹಸಿದ ಮಕ್ಕಳ ಎದುರೇ ದಿನಾ ಒಂದು ಹಿಡಿ ಎತ್ತಿಟ್ಟಿದ್ದಳು. ಕಣಜ ತುಂಬಿತೆಂದರೆ ಸುಳ್ಳಾದೀತು, ಸೊಂಟದೆತ್ತರ ಬಂತು. ಹನ್ನೆರಡು ಹಳ್ಳಿಗೆ ತೆಳ್ಳಗೆ ಬಿತ್ತಲು ಅಷ್ಟು ಸಾಕಾಯಿತು. ಗಂಗಮಾಳವ್ವ ಅಳುತ್ತಲೇ ನಕ್ಕಳು ಎನ್ನುತ್ತಾರೆ.

ಆ ಕಲ್ಲಿನ ಕಣಜ ಇಂದಿಗೂ ಏರಿಯ ಮೇಲಿದೆ. ಪ್ರತಿ ಸುಗ್ಗಿಗೂ ಊರವರು ಅದರೊಳಗೆ ಬೀಜ ಸುರಿಯುತ್ತಾರೆ. ಬಾಗಿಲ ಚೌಕಟ್ಟು ಮಾತ್ರ ಇದೆ, ಕದವಿಲ್ಲ, ಅಗುಳಿಯಿಲ್ಲ. ಕದ ಹಾಕಿಸಬಾರದೇ ಎಂದು ಹೊರಗಿನವರು ಕೇಳಿದರೆ ಇಲ್ಲಿಯವರಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

"ಯಾರ ಸಲುವಾಗಿ ಹಾಕೂಣ್ರೀ?" ಎನ್ನುತ್ತಾರೆ.