ಮೂಗುದಾರದ ಗುಡ್ಡ

ಹಾಲಮರಡಿಯಿಂದ ಮೂಡಲಿಗೆ ಕೂಗಳತೆ ದೂರ ನಡೆದರೆ ಜಾಲಿಯ ನಡುವೆ ಒಂದು ಬೋಳು ಗುಡ್ಡ ಸಿಗುತ್ತದೆ. ಅದರ ನೆತ್ತಿಯಲ್ಲಿ ಆಳೆತ್ತರದ ಕಲ್ಲು. ಕಲ್ಲಿನ ಸುತ್ತ ಸವೆದ ಹಗ್ಗದ ತುಂಡುಗಳ ಗೊಂಚಲು. ವೀರಗಲ್ಲೆಂದು ನೋಡಹೋದವರು ತಬ್ಬಿಬ್ಬಾಗುತ್ತಾರೆ. ಕತ್ತಿಯಿಲ್ಲ, ಕುದುರೆಯಿಲ್ಲ, ಚಾಮರ ಬೀಸುವ ಅಪ್ಸರೆಯರೂ ಇಲ್ಲ. ಒಬ್ಬ ಮನುಷ್ಯ ಎತ್ತಿನ ಮೂಗಿಗೆ ಕೈಯಿಟ್ಟು ನಿಂತಿದ್ದಾನೆ, ಅಷ್ಟೆ. ಇವನೆಂಥ ವೀರನಪ್ಪಾ ಎಂದು ನಗುವವರನ್ನು ಊರ ಹಿರಿಯರು ಕೂರಿಸಿಕೊಂಡು, ನಕ್ಕಿದ್ದು ಸಾಕು ಕೇಳು, ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನ ಬರಮಣ್ಣ ದೊರೆಯ ಕರೆ ಬಂತೆಂದು ಉಳುತ್ತಿದ್ದ ಹೊಲ ಬಿಟ್ಟು ದಂಡಿಗೆ ಹೋದನಂತೆ. ಹೆಂಡತಿ ಮಾರಕ್ಕ ಅವನ ಎತ್ತುಗಳನ್ನು ಯಾರಿಗೂ ಹೂಡಲು ಕೊಡಲಿಲ್ಲ. ಅವನೇ ಬಂದು ಹೂಡಲಿ ಎಂದು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿದಳು. ಸಂಜೆಯಾದರೆ ಅವನ ಪಾಲಿನ ರೊಟ್ಟಿ ತಟ್ಟಿ ಮುಚ್ಚಿಡುವಳು. ಬೆಳಿಗ್ಗೆ ಆ ತಂಗಳನ್ನು ತಾನೇ ತಿನ್ನುವಳು. ದಂಡು ಚದುರಿತು. ಬದುಕಿ ಬಂದವರು ಒಬ್ಬೊಬ್ಬರಾಗಿ ಅವಳ ಜಗಲಿಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ಉಪ್ಪುಖಾರ ಹಚ್ಚಿ ಬರಮಣ್ಣನ ಸಾವನ್ನು ಬಣ್ಣಿಸಿದರು. ಒಬ್ಬನ ಮಾತಿನಲ್ಲಿ ಅವನು ಆನೆಯ ಸೊಂಡಿಲು ಕಡಿದ. ಇನ್ನೊಬ್ಬನ ಮಾತಿನಲ್ಲಿ ರುಂಡ ಬಿದ್ದ ಮೇಲೂ ದೊರೆಗೆ ಜಯಕಾರ ಹಾಕಿದ. ಮಾರಕ್ಕ ಎಲ್ಲ ಕೇಳಿ, "ಅವನು ಸಂತೇಲೂ ಗಟ್ಟಿಯಾಗಿ ಕೂಗ್ದೋನಲ್ಲ ಕಣಣ್ಣ. ಇನ್ನೊಂದು ರೊಟ್ಟಿ ಹಾಕ್ಲಾ?" ಎನ್ನುವಳು. ಊರ ಹಿರಿಯರು ಬಳೆ ತೆಗೆಸಲು ಬಂದಾಗ, "ನೀವು ಹೇಳೋನು ಯಾರೋ ಸತ್ತಿರ್ಬೇಕು. ನನ್ನ ಗಂಡನ ಸುದ್ದಿ ಬರ್ಲಿ, ತೆಗೀತೀನಿ" ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಅವಳಿಗೆ ಆ ಸುದ್ದಿ ಬೇಕೂ ಇತ್ತು, ಬೇಡವೂ ಇತ್ತು.

ಕೊನೆಗೆ ಪಕ್ಕದ ಸೀಮೆಯ ಓಬಳಯ್ಯ ಎಂಬ ಕುಂಟ ಸಿಪಾಯಿ ಬಂದ. ಜಗಲಿ ಹತ್ತಲಿಲ್ಲ, ಊಟವನ್ನೂ ಒಲ್ಲೆ ಎಂದ. ನೆಲ ನೋಡುತ್ತಲೇ ಹೇಳಿದ: "ಹೇಳ್ಕೊಳ್ಳೋ ಅಂಥ ಸಾವಲ್ಲ ತಂಗೆವ್ವ. ಕಾಳಗ ಇನ್ನೂ ಶುರುವಾಗಿರ್ಲಿಲ್ಲ. ಹಳ್ಳದಾಗೆ ನೀರಿಗೆ ಬಗ್ಗಿದ್ದ, ಎಲ್ಲಿಂದ್ಲೋ ಗುಂಡು ಬಂತು. ಕತ್ತಿ ಒರೆಯಾಗೇ ಇತ್ತು. ದೊರೆ ಹೆಸ್ರೂ ಎತ್ತಲಿಲ್ಲ, ದೇವ್ರ ಹೆಸ್ರೂ ಎತ್ತಲಿಲ್ಲ. ಕೆಂದನ ಮೂಗುದಾರ ಹೊಳ್ಳೆ ಒಳಗೆ ಸವೆದೈತೆ, ಬದಲಾಯ್ಸು ಅಂತ ಮಾರಿಗೆ ಹೇಳು, ಅಂದ. ಅಷ್ಟೇ."

ಮಾರಕ್ಕ ನೇರ ಕೊಟ್ಟಿಗೆಗೆ ಹೋದಳು. ಕೆಂದ ಎಂದರೆ ಎಡಗಡೆ ಹೂಡುವ ಕೆಂಪೆತ್ತು. ಅದರ ಮೂತಿ ಎತ್ತಿ ದಾರವನ್ನು ಮೆಲ್ಲಗೆ ಎಳೆದು ನೋಡಿದಳು. ಹೊರಗೆ ಗಟ್ಟಿಯಾಗಿದ್ದ ದಾರ ಒಳಗೆ ಎರಡೇ ಎಳೆಗೆ ಬಂದಿತ್ತು. ದಿನವೂ ಮೈ ತೊಳೆದವಳಿಗೂ ಅದು ಕಂಡಿರಲಿಲ್ಲ. ಉಳುವವನ ಬೆರಳಿಗೆ ಮಾತ್ರ ಗೊತ್ತಿತ್ತು. ಅಯ್ಯೋ ನನ್ನಪ್ಪಾ, ನೀನೇ ಕಣೋ ಎಂದು ಎತ್ತಿನ ಕೊರಳು ತಬ್ಬಿ ಅತ್ತಳಂತೆ. ಬಳೆಗಳನ್ನು ಅಲ್ಲೇ ಎತ್ತು ಕಟ್ಟುವ ಗೊಂತಿನ ಕಲ್ಲಿಗೆ ಬಡಿದು ತಾನೇ ಒಡೆದುಕೊಂಡಳು. ಆ ಸಂಜೆ ರೊಟ್ಟಿ ಒಂದೇ ತಟ್ಟಿದಳು.

ಕಲ್ಲು ನಿಲ್ಲಿಸುವಾಗ ಊರವರು ಆನೆ ಕೆತ್ತಿಸೋಣ, ಊರಿನ ಮಾನ ಎಂದರು. ಮಾರಕ್ಕ ಒಪ್ಪಲಿಲ್ಲ. ಬೇರೆಯವರ ಗಂಡನನ್ನು ಕೆತ್ತಿ ಪೂಜೆ ಮಾಡು ಅಂತ ನನಗೆ ಹೇಳಬೇಡಿ ಎಂದಳು. ಕಲ್ಲು ನಿಂತ ದಿನ ಆ ಸವೆದ ದಾರವನ್ನು ತಂದು ಅದಕ್ಕೆ ಕಟ್ಟಿದಳು.

ಇಂದಿಗೂ ಈ ಸೀಮೆಯಲ್ಲಿ ಎತ್ತಿಗೆ ಹೊಸ ಮೂಗುದಾರ ಪೋಣಿಸಿದವರು ಹಳೆಯದನ್ನು ಗುಡ್ಡಕ್ಕೆ ಒಯ್ಯುತ್ತಾರೆ. ಕಾಯಿ ಒಡೆಯುವುದಿಲ್ಲ, ಮಂತ್ರವಿಲ್ಲ. ದಾರ ಕಟ್ಟಿ, ಕಲ್ಲಿನ ಕಿವಿಯ ಹತ್ತಿರ ಬಾಗಿ, ಅಂದು ಮಾರಕ್ಕ ಹೇಳಿದ್ದನ್ನೇ ಹೇಳಿ ಇಳಿದು ಬರುತ್ತಾರೆ: "ಬದಲಾಯ್ಸಿದೀನಿ. ಇನ್ನು ಚಿಂತೆ ಬಿಡು."