ಮುಟ್ಟಿದರೆ ಆರುವ ದೀಪ

ಅಕ್ಕಿ ಗಿರಣಿಯೊಂದರ ಬಾಯ್ಲರಿನಲ್ಲಿ ಇಂಟರಪ್ಟ್ ಕಂಟ್ರೋಲರ್ ಎಂಬ ಚಿಪ್ ಇತ್ತು. ಬಾಯ್ಲರಿನ ಯಾವ ಭಾಗಕ್ಕೆ ತುರ್ತು ಬಂದರೂ ಅದು ಈ ಚಿಪ್ಪನ್ನು ಕೂಗುತ್ತಿತ್ತು. ಚಿಪ್ ಕೂಗಿದವರ ದೀಪ ಹಚ್ಚುತ್ತಿತ್ತು. ದೀಪ ನೋಡಿ ಅವರವರ ಕೆಲಸ ಮಾಡಿಕೊಡಲು ಡ್ರೈವರ್ ಎಂಬ ಪ್ರೋಗ್ರಾಂ ಹೊಸದಾಗಿ ಬಂದಿತು.

"ಮೊದಲು ನನ್ನ ಕೈಪಿಡಿ ಓದು," ಎಂದಿತು ಕಂಟ್ರೋಲರ್.

"ಹಳೆಯ ಬಾಯ್ಲರಿನಲ್ಲಿ ವರ್ಷಗಟ್ಟಲೆ ದುಡಿದಿದ್ದೇನೆ. ದೀಪ ಎಲ್ಲಿದ್ದರೂ ದೀಪವೇ," ಎಂದಿತು ಡ್ರೈವರ್. ಅಲ್ಲಿ ಒಬ್ಬರ ಕೆಲಸ ಮುಗಿದಾಗ, ಇನ್ನೂ ಕಾಯುತ್ತಿರುವವರ ದೀಪಗಳನ್ನು ಮುಟ್ಟಬೇಕಿತ್ತು. ಮುಟ್ಟದ ದೀಪ ಆರಿಹೋಗುತ್ತಿತ್ತು.

ಒಂದು ಮಧ್ಯಾಹ್ನ ನೀರಿನ ಪಂಪೂ ಶಾಖಮಾಪಕವೂ ಒಟ್ಟಿಗೆ ಕೂಗಿದವು. ಡ್ರೈವರ್ ಪಂಪಿನ ಕೆಲಸ ಮುಗಿಸಿ, ಶಾಖಮಾಪಕದ ದೀಪ ಆರದಿರಲೆಂದು ಅದನ್ನು ಜೋಪಾನವಾಗಿ ಮುಟ್ಟಿತು. ಆ ದೀಪ ತಟ್ಟನೆ ಆರಿತು. ಕೆಲಸ ಮುಗಿದಿದ್ದ ಪಂಪಿನ ದೀಪ ಮಾತ್ರ ಉರಿಯುತ್ತಲೇ ಇತ್ತು. "ಈ ಪಂಪಿಗೆ ಎಷ್ಟು ಮಾಡಿದರೂ ಸಾಲದು," ಎಂದು ಗೊಣಗುತ್ತ ಡ್ರೈವರ್ ಮತ್ತೆ ಮತ್ತೆ ಅದರ ಬಳಿಗೇ ಓಡಿತು. ಅಷ್ಟರಲ್ಲಿ ಶಾಖ ಮಿತಿಮೀರಿ ಉಗಿಯ ಕೊಳವೆ ಸಿಡಿಯಿತು.

"ನಾನು ಕೂಗಿದ್ದೆನಲ್ಲ!" ಎಂದು ಶಾಖಮಾಪಕ ಅರಚಿತು.

"ನಿನ್ನ ದೀಪ ಉಳಿಯಲೆಂದೇ ಅಷ್ಟು ಎಚ್ಚರಿಕೆಯಿಂದ ಮುಟ್ಟಿದೆ," ಎಂದಿತು ಡ್ರೈವರ್.

ಕಂಟ್ರೋಲರ್ ಕೈಪಿಡಿಯ ಮೊದಲ ಪುಟ ತೆರೆದು ಓದಿತು: "ಮುಟ್ಟಿದ ದೀಪ ಆರುತ್ತದೆ. ಕೆಲಸ ಮುಗಿದವರದನ್ನಷ್ಟೇ ಮುಟ್ಟಿ." ಆಮೇಲೆ ಹೇಳಿತು, "ನಿನ್ನ ಎಚ್ಚರಿಕೆಗೇನೂ ಕೊರತೆಯಿಲ್ಲ. ಆದರೆ ಅದು ಹಳೆಯ ಬಾಯ್ಲರಿನದು. ಸಿಡಿದದ್ದು ಈ ಬಾಯ್ಲರಿನ ಕೊಳವೆ."